ಇಂಗ್ಲಿಷ್ ಸಿನಿಮಾಕ್ಕೆ ಗೋವಿಂದ ಮೇಷ್ಟ್ರ ಅರ್ಥಗಾರಿಕೆ

ಗೋವಿಂದ ಮೇಷ್ಟ್ರು ಹರಿಹರಪುರದ ಸುತ್ತಮುತ್ತ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಅವರ ಕೈಯಲ್ಲಿ ಕಲಿತವರಿಗೆ ಇಂಗ್ಲಿಷ್ ಬಂತೋ ಇಲ್ಲವೋ, ಆ ಮಾತು ಈಗ ಬೇಡ. ಅವರ ಜೀವ ಇದ್ದದ್ದು ತಾಳಮದ್ದಳೆಯಲ್ಲಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹಾಡಿದ ಮೇಲೆ ಕೂತಲ್ಲೇ ಮಾತು ಕಟ್ಟಿ ಅರ್ಥ ಹೇಳುವ ಕಲೆ ಅದು. ಮೇಷ್ಟ್ರಿಗೆ ಮಾತಿಗೇನು ಬರವೇ? ಆದರೂ ಪಾಪ, ಇಪ್ಪತ್ತು ವರ್ಷದಿಂದ ಸಿಗುತ್ತಿದ್ದದ್ದು ದೂತನ ಪಾತ್ರ ಮಾತ್ರ. ‘ಅಪ್ಪಣೆ ಪ್ರಭು’ ಎಂದು ಹೇಳಿ ಹೇಳಿ, ಮನೆಯಲ್ಲಿ ಹೆಂಡತಿ ಕರೆದರೂ ಬಾಯಿಗೆ ಅದೇ ಬರುತ್ತಿತ್ತು. ಕೊನೆಗೊಮ್ಮೆ ಸಂಘದ ಅಧ್ಯಕ್ಷರಾದ ದೇವಪ್ಪ ಗೌಡರು, “ಮುಂದಿನ ಕೂಟದಲ್ಲಿ ರಾಜನ ಅರ್ಥ ನಿಮ್ದೇ ಮೇಷ್ಟ್ರೆ” ಎಂದುಬಿಟ್ಟರು. ಅಂದಿನಿಂದ ಮೇಷ್ಟ್ರ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಅದೇ ವಾರ ಗೌಡರ ಅಂಗಳದಿಂದ ಒಂದು ಚೀಲ ಕಾಳುಮೆಣಸು ಕಾಣೆಯಾಯಿತು. ಗುರುವಾರ ಬೆಳಗ್ಗೆ ಇತ್ತು, ಮಧ್ಯಾಹ್ನ ಇರಲಿಲ್ಲ. ತೋಟದ ಆಳು ಲೋಕೇಶ ಅಂದು ಕೆಲಸಕ್ಕೆ ಬಂದಿರಲಿಲ್ಲ. ಹಾಗಾಗಿ ಕದ್ದವನು ಅವನೇ ಎಂದು ಊರು ತೀರ್ಮಾನಿಸಿತು. ಬಂದಿದ್ದರೆ, ಬಂದಿದ್ದಕ್ಕೆ ಅವನೇ ಎನ್ನುತ್ತಿದ್ದರು.

ಲೋಕೇಶ ಅಂದು ಹೋಗಿದ್ದು ಬಾಳೆಹೊನ್ನೂರಿಗೆ, ತಾಯಿ ಸುಬ್ಬಿಯ ಹಲ್ಲು ಕೀಳಿಸಲು. ಬೆಳಗಿನ ಬಸ್ಸಿನಲ್ಲಿ ಎದ್ದು ನಿಂತು ಮೇಷ್ಟ್ರಿಗೆ ಸೀಟು ಬಿಟ್ಟುಕೊಟ್ಟವನು ಅವನೇ. ಮಧ್ಯಾಹ್ನ ಅದೇ ಬಸ್ಸಿನಲ್ಲಿ ವಾಪಸು ಬರುವಾಗ ಸುಬ್ಬಿಯ ಊದಿದ ಕೆನ್ನೆ ನೋಡಿ, ಉಪ್ಪುನೀರು ಮುಕ್ಕಳಿಸು ಎಂದು ಉಪದೇಶ ಮಾಡಿದವರು ಮೇಷ್ಟ್ರೇ. ಮಗನ ಪರವಾಗಿ ಹೆತ್ತ ತಾಯಿ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಲೋಕೇಶ ಮೇಷ್ಟ್ರ ಮನೆ ಬಾಗಿಲಿಗೆ ಬಂದ.

“ನೀವೊಂದು ಮಾತು ಹೇಳಿದ್ರೆ ಸಾಕು ಮೇಷ್ಟ್ರೇ. ಕಳ್ಳ ಅಂತ ಗೌಡ್ರು ಕೆಲ್ಸ ಬಿಡಿಸಿದ್ರೆ, ಈ ಕಡೆ ಯಾವ ತೋಟದಲ್ಲೂ ನಂಗೆ ಕೆಲ್ಸ ಸಿಗಲ್ಲ.”

“ಹೇಳ್ತೀನಿ ಮಾರಾಯ, ಹೇಳದೆ ಇರ್ತೀನಾ? ಸಮಯ ನೋಡಿ ಹೇಳ್ಬೇಕು,” ಎಂದರು ಮೇಷ್ಟ್ರು.

ಗೌಡರ ಮಗಳು ಭವ್ಯ ಶಿವಮೊಗ್ಗದಲ್ಲಿ ಕಾನೂನು ಓದುತ್ತಿದ್ದಳು. ವಿಷಯ ತಿಳಿದು ಅವಳೊಂದು ಡಿವಿಡಿ ಕಳಿಸಿದಳು. ಅಮೆರಿಕದ ಹಳೆಯ ಕಪ್ಪುಬಿಳುಪು ಸಿನಿಮಾ, ಪೂರ್ತಿ ಕೋರ್ಟಿನದ್ದೇ ಕತೆ. ತೀರ್ಮಾನ ಮಾಡುವ ಮೊದಲು ಎಲ್ಲರೂ ಕೂತು ಇದನ್ನು ನೋಡಿ ಎಂದು ಅಪ್ಪನಿಗೆ ಫೋನಿನಲ್ಲಿ ಹೇಳಿದಳು. ಗೌಡರಿಗೆ ಮಾತು ಹಿಡಿಸಿತು. ಹೊಸದಾಗಿ ತಂದ ಡಿವಿಡಿ ಪ್ಲೇಯರನ್ನು ನಾಲ್ಕು ಜನ ನೋಡಿದಂತೆಯೂ ಆಗುತ್ತದಲ್ಲ.

ಭಾನುವಾರ ಮಧ್ಯಾಹ್ನ ನೆಂಟರಿಷ್ಟರೆಲ್ಲ ಗೌಡರ ಮನೆಯ ಹಾಲ್‌ನ ಕುರ್ಚಿಗಳಲ್ಲಿ ಕೂತರು. ಲೋಕೇಶ, ಸುಬ್ಬಿ ಹೊರಗಿನ ಜಗಲಿಯಲ್ಲಿ. ಬಾಗಿಲಿನಿಂದ ಅವರಿಗೆ ಅರ್ಧ ಟೀವಿ ಕಾಣುತ್ತಿತ್ತು. ಕಾಫಿಯೂ ಬಂತು, ಅವರಿಗೆಂದೇ ಸೂರಿನ ಸಂದಿಯಲ್ಲಿ ಬೇರೆ ಇಟ್ಟಿದ್ದ ಲೋಟಗಳಲ್ಲಿ. ಸಿನಿಮಾದ ಇಂಗ್ಲಿಷ್ ಯಾರಿಗೂ ಹತ್ತದ್ದರಿಂದ ಅರ್ಥ ಹೇಳುವ ಭಾರ ಮೇಷ್ಟ್ರ ಮೇಲೆ ಬಿತ್ತು. ಅವರು ಶಾಲು ಹೊದ್ದು ಟೀವಿಯ ಪಕ್ಕ ಕೂತರು.

ಬಿಳಿಯ ಜಮೀನ್ದಾರನ ಕುದುರೆ ಕಳುವಾಗಿದೆ. ಅವನ ಹೊಲದ ಕರಿಯ ಆಳನ್ನು ಹಿಡಿದು ಕಟಕಟೆಯಲ್ಲಿ ನಿಲ್ಲಿಸಿದ್ದಾರೆ. ಮೇಷ್ಟ್ರು ಜಮೀನ್ದಾರನ ವಕೀಲನ ಮಾತನ್ನು ಎಷ್ಟು ಚೆನ್ನಾಗಿ ಎತ್ತಿಕೊಂಡರೆಂದರೆ, ಆ ವಕೀಲ ಒಂದು ಸಾಲು ಹೇಳಿದರೆ ಇವರು ನಾಲ್ಕು ಹೇಳಿದರು. ಗೌಡರ ಕಣ್ಣಲ್ಲಿ ನೀರು. “ಛೆ, ಬರೀ ಬಣ್ಣ ನೋಡಿ ಮನುಷ್ಯನ್ನ ಹೀಗೆ ಮಾಡ್ತಾರಲ್ಲ. ಎಂಥ ಜನ ಮಾರಾಯ್ರೆ!”

ಪರದೆಯ ಮೇಲೆ ಆಳಿನ ಹೆಂಡತಿ ಕೋರ್ಟಿನ ಹೊರಗಿನ ಎರಡು ನಲ್ಲಿಗಳಲ್ಲಿ ಮೂಲೆಯದ್ದರಿಂದ ನೀರು ಕುಡಿದಳು.

“ಅದೆಂತಕ್ಕೆ ಅವರಿಗೆ ಬೇರೆ ನಲ್ಲಿ?” ಜಗಲಿಯಿಂದ ಸುಬ್ಬಿ ಕೇಳಿದಳು.

ಮೇಷ್ಟ್ರು ಅವಳ ಕೈಯಲ್ಲಿದ್ದ ಲೋಟ ನೋಡಿದರು, ಗೌಡರ ಮುಖ ನೋಡಿದರು. “ಆ ದೇಶದ ನೀರಿನ ವ್ಯವಸ್ಥೆ ಹಾಗೆ,” ಎಂದರು.

ಆಳಿನ ಪರ ವಕೀಲ ಎದ್ದ. ನೀವು ಸಾಕ್ಷಿ ನೋಡಲಿಲ್ಲ, ಇವನ ಚರ್ಮ ನೋಡಿದಿರಿ ಎಂದು ಗುಡುಗಿದ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, “ಮಹಾಸ್ವಾಮಿ, ದೊಡ್ಡ ಮನಸ್ಸು ಮಾಡಬೇಕು ಅಂತಿದಾನೆ,” ಎಂದರು.

ತೀರ್ಪಿನ ಹೊತ್ತಿಗೆ ಗೌಡರು ಕುರ್ಚಿಯ ತುದಿಗೆ ಬಂದಿದ್ದರು. “ಬಿಡ್ತಾರಲ್ಲ ಮೇಷ್ಟ್ರೆ?”

ಅಪರಾಧಿ ಎಂದ ನ್ಯಾಯಾಧೀಶ. ಮಂಗಳವಿಲ್ಲದೆ ಮುಗಿಯುವ ಕೂಟವನ್ನು ಮೇಷ್ಟ್ರು ಕಂಡವರಲ್ಲ. ಅಧ್ಯಕ್ಷರ ಮನಸ್ಸು ನೋಯಿಸಿದವರೂ ಅಲ್ಲ. “ನಿರಪರಾಧಿ, ಬಿಡುಗಡೆ,” ಎಂದು ಘೋಷಿಸಿದರು. ಹಾಲ್ ತುಂಬ ಚಪ್ಪಾಳೆ.

“ಬಿಟ್ಟ ಮೇಲೆ ಕೈಗೆ ಕೋಳ ಎಂತಕ್ಕೆ ಹಾಕ್ತಿದಾರೆ?” ಎಂದಳು ಸುಬ್ಬಿ.

“ಮನೆ ತನಕ ಬಿಟ್ಟು ಬರೋದಕ್ಕೆ. ಅಲ್ಲಿನ ಕಾನೂನು.”

“ಹೆಂಡ್ತಿ ಅಳ್ತಿದಾಳಲ್ಲ?”

“ಸಂತೋಷಕ್ಕೆ.”

ಗೌಡರು ಕಣ್ಣೊರೆಸಿಕೊಂಡು ಟೀವಿ ಆರಿಸಿದರು. “ನೋಡಿದ್ರಲ್ಲ, ಕೋರ್ಟು ಅಂದ್ರೆ ಹಾಗೆ. ತಪ್ಪು ಮಾಡದವನಿಗೆ ಏನೂ ಆಗಲ್ಲ. ಈಗ ನಮ್ಮ ಮೆಣಸಿನ ವಿಷ್ಯ. ಮೇಷ್ಟ್ರೆ, ತಿಳಿದವರು ನೀವು, ನಾಲ್ಕು ಮಾತು ಹೇಳಿ.”

ಲೋಕೇಶ ಎದ್ದು ಬಂದು ಬಾಗಿಲ ಹೊಸ್ತಿಲ ಆಚೆ ನಿಂತ. ಮೇಷ್ಟ್ರು ಇಪ್ಪತ್ತು ನಿಮಿಷ ಮಾತಾಡಿದರು. ಸತ್ಯ ಎಂದರೇನು, ಧರ್ಮ ಎಂದರೇನು, ರಾಜನಾದವನ ಕರ್ತವ್ಯವೇನು, ಎಲ್ಲ ಬಂತು. ನಡುವೆ ಎರಡು ಸಂಸ್ಕೃತ ಶ್ಲೋಕಗಳೂ ಬಂದವು. ಬಾಳೆಹೊನ್ನೂರಿನ ಬಸ್ಸು ಮಾತ್ರ ಬರಲಿಲ್ಲ. ನಾಲಿಗೆ ತುದಿಗೆ ಎರಡು ಸಲ ಬಂದಿತ್ತು. ಎರಡು ಸಲವೂ ಗೌಡರು ಮೆಚ್ಚಿ ತಲೆದೂಗಿದ್ದು ಕಂಡು ಅಲ್ಲೇ ನುಂಗಿದರು. ಮಾತು ಮುಗಿದಾಗ ಲೋಕೇಶ ಇನ್ನೂ ಕಾಯುತ್ತಲೇ ಇದ್ದ.

“ಪೊಲೀಸಿಗೆ ಕೊಡಲ್ಲ,” ಎಂದರು ಗೌಡರು ಉದಾರವಾಗಿ. “ನಾಳೆಯಿಂದ ತೋಟಕ್ಕೆ ಬರೋದು ಬೇಡ, ಅಷ್ಟೆ.”

ಮೇಷ್ಟ್ರು ಗಾಳಿಗೆಂದು ಜಗಲಿಗೆ ಬಂದರು. ಅವರಿಗೆ ನಾಚಿಕೆಯಾಗಿತ್ತು, ಸುಳ್ಳೇಕೆ. ತಪ್ಪಿಸಿಕೊಂಡು ಹೋಗಲು ಜಾಗವಿರಲಿಲ್ಲ. ಸುಬ್ಬಿ ಎದುರಿಗೇ ನಿಂತಿದ್ದಳು.

“ನಿಜ ಹೇಳಿ ಮೇಷ್ಟ್ರೇ. ಆ ಮನುಷ್ಯನ್ನ ಬಿಡ್ಲಿಲ್ಲ, ಅಲ್ದಾ?”

ಮೇಷ್ಟ್ರು ಒಳಗೆ ಒಮ್ಮೆ ತಿರುಗಿ ನೋಡಿ, ಮೆಲ್ಲಗೆ, “ಇಲ್ಲ,” ಎಂದರು.

ಲೋಕೇಶ ತಾಯಿಯ ಕೈ ಹಿಡಿದು ಮೆಟ್ಟಿಲಿಳಿಸಿದ. “ಇಂಗ್ಲಿಷಲ್ಲಿ ಇದ್ದದ್ದನ್ನೆಲ್ಲ ಕನ್ನಡಕ್ಕೆ ತಂದ್ರಿ ಮೇಷ್ಟ್ರೇ,” ಎಂದ. “ನಂದೊಂದು ಮಾತು ಕನ್ನಡದಲ್ಲೇ ಇತ್ತು.”

ಅಷ್ಟರಲ್ಲಿ ಒಳಗಿನಿಂದ ಗೌಡರು ಕರೆದರು. ರಾಜನ ಅರ್ಥ ಯಾವ ತಾರೀಕಿಗೆ ಇಟ್ಟುಕೊಳ್ಳೋಣ ಎಂದು ಕೇಳಲಿಕ್ಕೆ.

“ಅಪ್ಪಣೆ,” ಎಂದು ಮೇಷ್ಟ್ರು ಒಳಗೆ ಹೋದರು.