ಚುಕ್ಕಿ ಇಲ್ಲದ ಮಾವಿನಹಣ್ಣು

ಅಪ್ಪನ ಮಾವಿನಹಣ್ಣು ಹುಕ್ಕೇರಿ ಕಡೆಯ ಆ ವಾಡೆಗೆ ಹೋದ ದಿನದಿಂದ ನನಗೆ ಅಲ್ಲಿನವರ ಮೇಲೆ ಒಂದೇ ಸಂಶಯ. ಕೋಟೆಯಂಥ ಹಳೆಯ ವಾಡೆ, ಈಗ ಮ್ಯೂಸಿಯಂ. ಕುದುರೆ ಕಟ್ಟುತ್ತಿದ್ದ ಅಂಗಳದಲ್ಲಿ ನಾಟಕದ ವೇದಿಕೆ. ಹೆಬ್ಬಾಗಿಲಲ್ಲಿ ನಮ್ಮ ಚೀಲ ತಡವಿ ನೋಡುತ್ತಾರೆ. ಒಳಗಿರುವವರ ಚೀಲ ಯಾರು ನೋಡುತ್ತಾರೋ!

ಅಪ್ಪ ಗೋಕಾಕದಲ್ಲಿ ಕಟ್ಟಿಗೆಯ ಗೊಂಬೆ, ಹಣ್ಣು ಮಾಡುತ್ತಿದ್ದ. ಅವನ ಕೈಯದೆಂದು ಉಳಿದದ್ದು ಒಂದು ಮಾವಿನಹಣ್ಣು. ಪ್ರತಿವರ್ಷ ಅವ್ವ ಅದನ್ನು ಗೌರಿಯ ಮುಂದೆ ಇಡುತ್ತಿದ್ದಳು. ತೊಟ್ಟಿನ ಹತ್ತಿರ ಅಪ್ಪ ಬೇಕೆಂದೇ ಒಂದು ಕಪ್ಪು ಚುಕ್ಕಿ ಇಟ್ಟಿದ್ದ. ಚುಕ್ಕಿ ಇಲ್ಲದ್ದನ್ನ ಮಂದಿ ಹಣ್ಣಂತ ನಂಬೂದಿಲ್ಲ ಅನ್ನುತ್ತಿದ್ದ. ನಾಲ್ಕು ಮಂದಿ ನೋಡಲಿ, ಕೊಡು ಎಂದು ಅವ್ವನ ಬೆನ್ನು ಬಿದ್ದವಳು ನಾನೇ. ಮ್ಯೂಸಿಯಮ್ಮಿನವರು ಮನೆಗೆ ಬಂದಾಗ ನಾನು ಮೂಡಲಗಿಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಅವ್ವನೇ ಕೊಟ್ಟು ಕಳಿಸಿದಳು.

ಮೊದಲ ಸಲ ಇಬ್ಬರೂ ನೋಡಲು ಹೋದೆವು. ಗಾಜಿನೊಳಗೆ ಹಣ್ಣು ಮಿರಿಮಿರಿ ಮಿಂಚುತ್ತಿತ್ತು. ಚುಕ್ಕಿ ಇರಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

"ನಮ್ಮ ಹಣ್ಣು ಎಲ್ಲಿ ಐತ್ರಿ? ಇದು ನಮ್ದಲ್ಲ!" ಎಂದು ಅಲ್ಲಿನ ಉಸ್ತುವಾರಿಯವರ ಮೇಲೆ ಏರಿಹೋದೆ. ಅಂಗಳದಲ್ಲಿ ತಬಲಾ ಹದ ಮಾಡುತ್ತಿದ್ದವನೂ ಕೈ ನಿಲ್ಲಿಸಿ ನೋಡಿದ.

"ಸಿಟ್ಟಾಗಬ್ಯಾಡ್ರಿ ಮೇಡಂ, ತಗೊಂಡ ದಿನದ ಫೋಟೊ ಐತಿ," ಎಂದು ಅವರು ಮೊಬೈಲು ಮುಂದೆ ಹಿಡಿದರು. ನಮ್ಮ ಮನೆಯ ಕಟ್ಟೆ. ಅವ್ವನ ಅಂಗೈ. ಅದರಲ್ಲಿ ಇದೇ ಹಣ್ಣು, ಚುಕ್ಕಿ ಇಲ್ಲದ್ದು.

ತಿರುಗಿ ನೋಡಿದರೆ ಅವ್ವ ಬಾಜೂದ ಹಿತ್ತಾಳೆಯ ಸಮೆ ದೀಪವನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದಳು. ಉಸ್ತುವಾರಿಯವರ ಮುಂದೆ ನನ್ನ ಮುಖ ಸಣ್ಣದಾಯಿತು. ತಪ್ಪಾಯ್ತ್ರಿ ಎಂದು ಹೊರಬಿದ್ದೆ.

ಬಸ್ಸಿನಲ್ಲಿ ಅವ್ವನೇ ಬಾಯಿಬಿಟ್ಟಳು. "ಅದು ಪ್ಯಾಟ್ಯಾಗ ತಂದದ್ದು. ಖರೆ ಹಣ್ಣು ಅಕ್ಕಿ ಡಬ್ಬ್ಯಾಗ ಐತಿ. ಅದನ್ನ ಕೊಟ್ರ ಗೌರಿ ಮುಂದ ಏನ್ ಇಡ್ಲಿ?"

"ನನಗರ ಹೇಳಬಾರದಾಗಿತ್ತೇನ ಯವ್ವಾ?"

"ನಿನಗ ಹೇಳಿದ್ರ ನೀನ ಒಯ್ದು ಕೊಡ್ತಿದ್ದಿ."

ಆ ಮಾತು ನನಗೆ ಚುಚ್ಚಿತು. ಇಷ್ಟು ದಿನ ಕಳ್ಳರನ್ನು ನಾನು ವಾಡೆಯಲ್ಲಿ ಹುಡುಕುತ್ತಿದ್ದೆ, ಅವ್ವ ಮನೆಯಲ್ಲೇ ನನ್ನಿಂದ ಹಣ್ಣು ಕಾಯುತ್ತಿದ್ದಳು.

ಮರುದಿನ ಅವಳು ಸ್ನಾನಕ್ಕೆ ಹೋದಾಗ, ಒಮ್ಮೆ ನೋಡಿ ಇಡೋಣವೆಂದು ಅಕ್ಕಿ ಡಬ್ಬಿಯಲ್ಲಿ ಮೊಣಕೈವರೆಗೆ ಕೈಯಾಡಿಸಿದೆ. ಬರೀ ಅಕ್ಕಿ. ಅವ್ವ ಆಗಲೇ ಜಾಗ ಬದಲಿಸಿದ್ದಳು.