ಐದನೇ ಬೋಲ್ಟು

ನಿಮ್ಮಮ್ಮ ಬಂಡೆ ಹತ್ತುತ್ತಾಳೆ ಎಂದು ನನಗೆ ಗೊತ್ತಾದದ್ದು ಅವಳ ಬಟ್ಟೆ ಒಗೆಯಲು ಹಾಕುವಾಗ. ಪ್ಯಾಂಟಿನ ಜೇಬಿನ ತುಂಬ ಬಿಳಿ ಪುಡಿ. ನಾನು ಬಾಗಿಲಿಗೆ ಹಾಕುವ ರಂಗೋಲಿ ಪುಡಿಯನ್ನು ಇವಳೇಕೆ ಜೇಬಿಗೆ ತುಂಬಿಕೊಂಡಳು ಎಂದುಕೊಂಡೆ. ಕೇಳಿದ್ದಕ್ಕೆ, "ಕೈ ಬೆವರಿ ಜಾರಬಾರದು ಅಂತ ಹಚ್ಕೊಳ್ಳೋದಮ್ಮ, ಬಂಡೆ ಹತ್ತುವಾಗ" ಎಂದಳು. ಎಂಥ ಬಂಡೆ, ಎಷ್ಟು ಎತ್ತರ ಎಂದು ಕೇಳುವ ಧೈರ್ಯ ಅವತ್ತು ನನಗೆ ಬರಲಿಲ್ಲ.

ಆಗ ನಿಮ್ಮ ತಾತ ಹೋಗಿ ಎರಡು ವರ್ಷವಾಗಿತ್ತು. ನಾನು ಅಮೆರಿಕದ ಟೆಕ್ಸಸ್ಸಿನಲ್ಲಿ, ರಿಚರ್ಡ್‌ಸನ್ನಿನ ಅವಳ ಅಪಾರ್ಟ್‌ಮೆಂಟಿಗೆ ಬಂದು ಒಂದು ವರ್ಷ. ನನಗೆ ಇರುವವಳು ಅವಳೊಬ್ಬಳೇ. ಮೈಸೂರಿನ ಕಡೆಯ ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ನಾಲ್ಕು ಜನರ ಮುಂದೆ ಬಾಯಿ ಬಿಡುವುದು ಇವತ್ತಿಗೂ ನನಗೆ ಕಷ್ಟ. ಬರೆಯುವುದಾದರೆ ಅಷ್ಟು ಕಷ್ಟವಿಲ್ಲ. ಮಕ್ಕಳೇ, ನೀವು ಕನ್ನಡ ಓದಲು ಕಲಿತಾಗ ಓದಿಕೊಳ್ಳಿ.

ಶುಕ್ರವಾರ ಸಂಜೆ ನಮ್ಮಲ್ಲಿಗೆ ಇಬ್ಬರು ಊಟಕ್ಕೆ ಬರುತ್ತಿದ್ದರು. ಒಬ್ಬ ನಿಮ್ಮಪ್ಪ. ಆಗಿನ್ನೂ ಅವನು ಯಾರಿಗೂ ಅಪ್ಪನಲ್ಲ, ನಿಮ್ಮಮ್ಮನ ಗಂಡನೂ ಅಲ್ಲ. ಧಾರವಾಡದ ಹುಡುಗ, ಹ್ಯೂಸ್ಟನ್ನಿನಲ್ಲಿ ಪ್ರಾಜೆಕ್ಟ್ ಮೇಲಿದ್ದ, ವಾರಕ್ಕೊಮ್ಮೆ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬರುತ್ತಿದ್ದ. "ಹ್ಯೂಸ್ಟನ್ನಾಗ ಹತ್ತಾಕ ಫ್ಲೈಓವರ್ ಬಿಟ್ರ ಏನೂ ಇಲ್ಲರಿ ಆಂಟಿ" ಎನ್ನುತ್ತಿದ್ದ. ಬಂಡೆಗೋಸ್ಕರವೇ ಇಷ್ಟು ದೂರ ಬರುತ್ತಾನೆ ಎಂದು ನಾನೂ ನಂಬಿದ್ದೆ.

ಇನ್ನೊಬ್ಬರು ಆಸ್ಟಿನ್ನಿನ ಬಡಗಿ. ಐವತ್ತು ದಾಟಿದ ಅಮೆರಿಕನ್ನರು, ಎದೆಯವರೆಗೆ ಗಡ್ಡ. ನಮ್ಮ ಹತ್ತಿರದ ಫ್ರಿಸ್ಕೋದಲ್ಲಿ ಆಗ ಸಾಲುಸಾಲಾಗಿ ಹೊಸ ಮನೆಗಳು ಏಳುತ್ತಿದ್ದವು. ಆ ಮನೆಗಳ ಅಡುಗೆಮನೆಗೆ ಕಪಾಟು ಕೂರಿಸುವ ಕೆಲಸ ಅವರದು. ವಾರವೆಲ್ಲ ಅಲ್ಲಿ ದುಡಿದು, ಶುಕ್ರವಾರ ನಮ್ಮಲ್ಲಿ ಉಂಡು ತಮ್ಮ ಊರಿಗೆ ಹೊರಡುತ್ತಿದ್ದರು. ನಿಮ್ಮಮ್ಮನಿಗೆ ಹಗ್ಗದ ಗಂಟು ಹಾಕಲು ಕಲಿಸಿದವರು ಅವರೇ. ನನ್ನ ಬಿಸಿಬೇಳೆಭಾತನ್ನು ಮೂಗು ಒರೆಸಿಕೊಳ್ಳುತ್ತ ಮೂರು ಸಲ ಹಾಕಿಸಿಕೊಳ್ಳುತ್ತಿದ್ದರು. ನಿಧಾನವಾಗಿ ಮಾತಾಡುತ್ತಿದ್ದುದರಿಂದ ಅವರ ಇಂಗ್ಲಿಷು ನನಗೆ ಟೀವಿಯದಕ್ಕಿಂತ ಚೆನ್ನಾಗಿ ತಿಳಿಯುತ್ತಿತ್ತು.

ಆ ವರ್ಷ ಬೇಸಿಗೆಯಿಂದ ಊಟದ ಮೇಜಿನ ಮೇಲೆ ಒಂದೇ ಜಗಳ. ಆಸ್ಟಿನ್ನಿನ ಹೊಳೆಯ ಪಕ್ಕದಲ್ಲಿ ಒಂದು ಸುಣ್ಣಕಲ್ಲಿನ ಬಂಡೆ ಗೋಡೆಯ ಹಾಗೆ ನಿಂತಿದೆ. ಆಗಿಗೆ ಇಪ್ಪತ್ತು ವರ್ಷದ ಹಿಂದೆ ಅದನ್ನು ಮೊದಲು ಹತ್ತಿದವರು ಈ ಬಡಗಿಯವರು. ಹತ್ತುತ್ತ ಹತ್ತುತ್ತ ಬಂಡೆಗೆ ತೂತು ಕೊರೆದು ನಾಲ್ಕು ಬೋಲ್ಟು ಕೂರಿಸಿದ್ದರು. ಹತ್ತುವವರು ಸೊಂಟದ ಹಗ್ಗವನ್ನು ಒಂದೊಂದೇ ಬೋಲ್ಟಿಗೆ ಸಿಕ್ಕಿಸಿಕೊಂಡು ಹೋಗುತ್ತಾರೆ, ಕೈ ಜಾರಿದರೆ ಕೊನೆಯ ಬೋಲ್ಟು ಹಿಡಿದು ನಿಲ್ಲಿಸುತ್ತದೆ. ನಾಲ್ಕನೆಯದು ಆದಮೇಲೆ ತುದಿಯವರೆಗೆ ಏನೂ ಇಲ್ಲ, ಬರೀ ಬಂಡೆ. ಅಲ್ಲಿ ಐದನೆಯದು ಬೇಕೆಂದು ನಿಮ್ಮಪ್ಪ. ಬೇಡವೆಂದು ಬಡಗಿಯವರು. ನಿಮ್ಮಮ್ಮ ಬಡಗಿಯವರ ಕಡೆ. ಆ ಬಂಡೆಯನ್ನು ಹತ್ತಲು ಹೊರಟಿದ್ದವಳೇ ಅವಳು.

ಬೋಲ್ಟು ಇಲ್ಲದಿದ್ದರೆ ಏನಾಗುತ್ತದೆ ಎಂದು ನಿಮ್ಮಪ್ಪ ಒಂದು ಶುಕ್ರವಾರ ನನಗೆ ತೋರಿಸಿದ. ನನ್ನ ಹೂ ಕಟ್ಟುವ ದಾರಕ್ಕೆ ಚಮಚ ಕಟ್ಟಿ, ದಾರದ ನಡುವನ್ನು ಕಪಾಟಿನ ಹಿಡಿಗೆ ಒತ್ತಿ ಹಿಡಿದ. ಕೆಳಗೆ ಅವಲಕ್ಕಿ ಡಬ್ಬಿ ಇಟ್ಟ.

"ಇದು ನಿಮ್ಮ ಮಗಳ್ರಿ. ಈ ಹಿಡಿ ನಾಕನೇ ಬೋಲ್ಟ್. ಈ ಡಬ್ಬಿ, ಬಂಡೆ ನಡುವ ಒಂದು ಕಟ್ಟಿ ಇದ್ದಂಗ ಐತಲ್ಲರಿ, ಅದು." ಚಮಚವನ್ನು ಹಿಡಿಗಿಂತ ಮೇಲಕ್ಕೆ ಎತ್ತಿ ಬಿಟ್ಟ. ದಾರ ಬಿಗಿಯಾಗುವ ಮೊದಲೇ ಚಮಚ ಡಬ್ಬಿಗೆ ಠಣ್ ಎಂದು ಬಡಿಯಿತು.

"ಅಮ್ಮನ್ನ ಹೆದರಿಸಬೇಡ" ಎಂದಳು ನಿಮ್ಮಮ್ಮ. "ನಾನು ಬೀಳಲ್ಲ."

"ಬೀಳೂ ಮಂದಿ ಎಲ್ಲಾರೂ ಹಂಗ ಅಂತಾರ."

ಬಡಗಿಯವರು ತಟ್ಟೆಯಿಂದ ತಲೆ ಎತ್ತಲಿಲ್ಲ. "ಅಲ್ಲಿ ಹೆದರಿಕೆಯಾಗುತ್ತೆ, ನಿಜ. ಆ ಹೆದರಿಕೆಯೂ ಆ ದಾರಿಗೆ ಸೇರಿದ್ದು. ಬೇಡವಾದವರಿಗೆ ಬೇರೆ ಬಂಡೆಗಳಿವೆ. ಕಲ್ಲಿಗೆ ಮಾಡಿದ ತೂತು ಮತ್ತೆ ಮುಚ್ಚಿಕೊಳ್ಳುವುದಿಲ್ಲ" ಎಂದರು.

"ನಾಕು ತೂತು ನೀವು ಹೊಡದ್ರಿ, ಐದನೇದಕ್ಕ ಪಾಪ ಬಂತೇನು?" ಎಂದು ನಿಮ್ಮಪ್ಪ ಅವರಿಗೆ ಇಂಗ್ಲಿಷಿನಲ್ಲಿ ಹೇಳಿ, ನನ್ನ ಸಲುವಾಗಿ ಕನ್ನಡದಲ್ಲೂ ಹೇಳಿದ.

ಆದರೂ ಅವನು ತಾನಾಗಿ ಹೋಗಿ ಬೋಲ್ಟು ಹೊಡೆಯುವ ಹಾಗಿರಲಿಲ್ಲ. ಆ ಜನರಲ್ಲಿ ಒಂದು ಕಟ್ಟುಪಾಡಿದೆ: ಬಂಡೆಯನ್ನು ಮೊದಲು ಹತ್ತಿದವರ ಒಪ್ಪಿಗೆ ಇಲ್ಲದೆ ಅದಕ್ಕೆ ಒಂದು ಬೋಲ್ಟನ್ನೂ ಸೇರಿಸಬಾರದು. ಎಲ್ಲೂ ಬರೆದಿಟ್ಟದ್ದಲ್ಲ, ಆದರೂ ಯಾರೂ ಮೀರುವುದಿಲ್ಲ. ಅವರ ಮಾತುಗಳಲ್ಲಿ ನನಗೆ ಪೂರ್ತಿ ಅರ್ಥವಾದದ್ದು ಇದೊಂದೇ. ನಮ್ಮ ಕಡೆ ಬಾವಿ ತೋಡಿಸಿದವರನ್ನು ಕೇಳದೆ ಯಾರೂ ಅದಕ್ಕೆ ಹೊಸ ರಾಟೆ ಹಾಕುತ್ತಿರಲಿಲ್ಲ.

ಮಗಳು ಆ ಬಂಡೆ ಹತ್ತಲು ಒಂದು ಶನಿವಾರ ಗೊತ್ತುಮಾಡಿದಳು. ಅದರ ಹಿಂದಿನ ದಿನ, ಶುಕ್ರವಾರ, ಬಡಗಿಯವರು ಬೇಗ ಬಂದರು. ನಮ್ಮ ಅಡುಗೆಮನೆಯ ಕಪಾಟಿನ ಬಾಗಿಲು ಜೋತುಬಿದ್ದಿತ್ತು. ಯಾರೂ ಹೇಳದಿದ್ದರೂ ಸ್ಕ್ರೂಡ್ರೈವರ್ ತೆಗೆದುಕೊಂಡು ಕೆಳಗೆ ಕೂತು ಸರಿಮಾಡತೊಡಗಿದರು. ಮಗಳು ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ನಾನು ಒಗ್ಗರಣೆ ಹಾಕಿ, ಒಲೆಯ ಕಡೆಗೇ ಮುಖ ಮಾಡಿಕೊಂಡು, ವಾರದಿಂದ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ಇಂಗ್ಲಿಷನ್ನು ಹೇಳಿದೆ: "ಸರ್, ವೈ ಓನ್ಲಿ ಫೋರ್?"

ಸ್ಕ್ರೂ ತಿರುಗಿಸುತ್ತಿದ್ದ ಸದ್ದು ನಿಂತಿತು. ನನ್ನ ಇಂಗ್ಲಿಷ್ ತಪ್ಪಾಯಿತೇನೋ ಎಂದುಕೊಂಡೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು, ನನಗೆ ತಿಳಿಯಲಿ ಎಂದು ಕೈಯಲ್ಲೂ ತೋರಿಸುತ್ತ ಹೇಳಿದರು. ಆಗ ಬ್ಯಾಟರಿಯ ಡ್ರಿಲ್ ಇರಲಿಲ್ಲ, ಉಳಿಗೆ ಸುತ್ತಿಗೆಯಿಂದ ಬಡಿದು ಬಡಿದು ತೂತು ಮಾಡಬೇಕಿತ್ತು. ಐದನೇ ತೂತನ್ನೂ ಶುರುಮಾಡಿದ್ದರು. ಹೆಬ್ಬೆರಳಷ್ಟು ಆಳ ಹೋಗುವಷ್ಟರಲ್ಲಿ ಉಳಿ ಮುರಿಯಿತು. ಕೆಳಗಿಳಿಯಲು ಇನ್ನೂ ಹೆಚ್ಚು ಹೆದರಿಕೆಯಾಗಿ ಮೇಲಕ್ಕೆ ಹೋಗಿಬಿಟ್ಟರು. ಆಮೇಲೆ ಎಲ್ಲರೂ ಎಂಥ ಗಂಡೆದೆ ಎಂದು ಹೊಗಳಿದರು.

"ಇಷ್ಟು ವರ್ಷದಲ್ಲಿ ಇದನ್ನು ಕೇಳಿದವರು ನೀವೊಬ್ಬರೇ" ಎಂದು ಹೇಳಿ ಮತ್ತೆ ಸ್ಕ್ರೂ ತಿರುಗಿಸತೊಡಗಿದರು.

ಇಲ್ಲಿ ನಾನು ಮಾಡಿದ ತಪ್ಪನ್ನೂ ಬರೆಯಬೇಕು. ನಾನು ಯಾರಿಗೂ ಹೇಳಲಿಲ್ಲ. ಊಟಕ್ಕೆ ಬಂದವರು ಅಡುಗೆಮನೆಯಲ್ಲಿ ಮನಸ್ಸು ಬಿಚ್ಚಿ ಹೇಳಿದ್ದನ್ನು ನಡುಮನೆಗೆ ತಂದು ಆಡುವುದು ನಾನು ಬೆಳೆದ ರೀತಿಯಲ್ಲ. ಅವರಾಗಿ ಹೇಳಲಿ ಎಂದು ಊಟ ಮುಗಿಯುವವರೆಗೂ ಕಾದೆ. ಅವರು ಹೇಳಲಿಲ್ಲ. ಮಜ್ಜಿಗೆ ಕುಡಿದು, ನಾಳೆ ಬಂಡೆಯ ಹತ್ತಿರ ಸಿಗೋಣ ಎಂದು ಹೋದರು. ಮಗಳ ಕಾಲು ಮುರಿಯುವ ವಿಷಯ, ನನಗೆ ಮಾತ್ರ ಬಡಗಿಯವರ ದಾಕ್ಷಿಣ್ಯ.

ಶನಿವಾರ ಬೆಳಿಗ್ಗೆ ನಾನೂ ಬರುತ್ತೇನೆ ಎಂದಾಗ ನಿಮ್ಮಪ್ಪ ನಿಮ್ಮಮ್ಮ ಇಬ್ಬರಿಗೂ ಆಶ್ಚರ್ಯ. ಆಸ್ಟಿನ್ನಿಗೆ ಮೂರು ಗಂಟೆಗೂ ಹೆಚ್ಚಿನ ದಾರಿ. ಹಿಂದಿನ ಸೀಟಿನಲ್ಲಿ ಪುಳಿಯೋಗರೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ದೇಶದ ಅಧ್ಯಕ್ಷರ ಚುನಾವಣೆ ಮುಗಿದಿದ್ದರೂ ಗೆದ್ದವರು ಯಾರೆಂದು ಇತ್ಯರ್ಥವಾಗದ ದಿನಗಳು ಅವು. ನಮ್ಮ ಟೆಕ್ಸಸ್ಸಿನ ಗವರ್ನರೇ ಒಬ್ಬ ಅಭ್ಯರ್ಥಿ. ಬೇರೆ ರಾಜ್ಯವೊಂದರಲ್ಲಿ ವೋಟು ಹಾಕುವವರು ಕಾಗದಕ್ಕೆ ಚುಚ್ಚಿದ ತೂತು ಪೂರ್ತಿ ಬಿದ್ದಿದೆಯೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದಾರೆ ಎಂದು ರೇಡಿಯೋ ಹೇಳಿತು.

"ಎಲ್ಲಾ ಮತ್ತೊಮ್ಮೆ ಎಣಿಸಬೇಕು. ಅರ್ಧ ತೂತಾದ್ರೂ ಮನಷಾನ ಇರಾದೆ ತಿಳೀತದಲ್ಲ" ಎಂದ ನಿಮ್ಮಪ್ಪ.

"ವೋಟೇ ಇಲ್ಲದವರದು ಗಲಾಟೆ ಜಾಸ್ತಿ" ಎಂದು ನಿಮ್ಮಮ್ಮ ರೇಡಿಯೋ ಆರಿಸಿ, ಗಿಟಾರು ಕಿರುಚುವ ಒಂದು ಕ್ಯಾಸೆಟ್ ಹಾಕಿದಳು. ಅವನು ಅದನ್ನು ತೆಗೆದು ಹಿಂದೂಸ್ತಾನಿ ಹಾಕಿದ. ಗಾಯಕರು ಒಂದೇ ಸಾಲನ್ನು ಹಿಡಿದುಕೊಂಡು ಎರಡು ಊರು ದಾಟಿಸಿದರು.

"ಮುಂದಿನ ಸಾಲು ಆಸ್ಟಿನ್ ಬಂದಮೇಲಾ?" ಎಂದಳು ಅವಳು.

"ನಿಮ್ಮ ಮೈಸೂರ ಕಡೆ ಹಾಡಿನಾಗ ಎಲ್ಲಾ ಮೊದಲ ಕಟ್ಟಿಟ್ಟಿರತಾರ. ಹೆಜ್ಜಿಗೊಂದು ಬೋಲ್ಟ್. ನಮ್ಮವರು ಏನೂ ಹಿಡಕೊಳ್ಳದ ಮ್ಯಾಲೆ ಹೋಗ್ತಾರ."

"ಓಹೋ. ಹಾಡಿಗೆ ಬೋಲ್ಟ್ ಬೇಡ, ಬಂಡೆಗೆ ಬೇಕಾ?"

"ಹಾಡಿನಾಗ ಬಿದ್ರ ಕಾಲು ಮುರಿಯಂಗಿಲ್ಲ."

ಅವಳು ನಕ್ಕಳು. ನನಗೂ ನಗು ಬಂತು. ಹೇಳಬೇಕಾದ ಮಾತು ಅಲ್ಲಿಯೂ ಬಾಯಿಯವರೆಗೆ ಬಂದು ನಿಂತಿತು.

ಹೊಳೆಯಲ್ಲಿ ನೀರಿರಲಿಲ್ಲ. ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಹಾಕಿಕೊಂಡು, ಉರುಟು ಕಲ್ಲುಗಳ ಮೇಲೆ ನಿಮ್ಮಪ್ಪನ ಕೈ ಹಿಡಿದು ನಡೆದೆ. ಬಡಗಿಯವರು ಮೊದಲೇ ಬಂದು ಹಗ್ಗ ಬಿಚ್ಚುತ್ತಿದ್ದರು. ತಲೆ ಎತ್ತಿ ನೋಡಿದೆ. ನಾಲ್ಕು ಬೋಲ್ಟುಗಳು ಮಿನುಗುತ್ತಿದ್ದವು. ಅದರ ಮೇಲೆ, ಮೂರು ಆಳು ಒಬ್ಬರ ಮೇಲೊಬ್ಬರು ನಿಂತರೂ ಮುಟ್ಟದಷ್ಟು ಬರೀ ಕಲ್ಲು. ನಾಲ್ಕನೆಯದಕ್ಕಿಂತ ತುಸು ಕೆಳಗೆ ಮನೆಯ ಜಗಲಿಯಂತೆ ಕಲ್ಲು ಚಾಚಿತ್ತು. ಅವತ್ತು ಅವಲಕ್ಕಿ ಡಬ್ಬಿಯ ಮುಚ್ಚಳ ನೋಡಿದಾಗ ಅದು ಇಷ್ಟು ಅಗಲವಿದ್ದೀತು ಎಂದು ಅನಿಸಿರಲಿಲ್ಲ.

ನಿಮ್ಮಮ್ಮ ಸೊಂಟಕ್ಕೆ ಹಗ್ಗ ಕಟ್ಟಿ, ಕೈಗೆ ಪುಡಿ ಬಳಿದುಕೊಂಡು ಬಂಡೆಯ ಮೇಲೆ ಕೈಯಿಟ್ಟಳು. ಹಗ್ಗದ ಇನ್ನೊಂದು ಕಡೆ ಬಡಗಿಯವರ ಕೈಯಲ್ಲಿತ್ತು. ನಾನು ಅವರ ಎದುರಿಗೆ ಹೋಗಿ ನಿಂತೆ.

"ಸರ್, ಯೂ ಟೆಲ್" ಎಂದೆ. "ಯೂ ನಾಟ್ ಟೆಲ್, ಐ ಟೆಲ್."

ಮಗಳು ತಿರುಗಿ ನೋಡಿದಳು. "ಏನಮ್ಮ ಅದು?"

ಬಡಗಿಯವರು ನನ್ನನ್ನು ನೋಡಿದರು. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ಗಡ್ಡ ಸವರಿಕೊಂಡು, ಅವಳಿಗೆ ಬಂಡೆಯಿಂದ ಕೈ ತೆಗೆಯಲು ಹೇಳಿ, ಮುರಿದ ಉಳಿಯ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಒಂದು ಮಾತೂ ಬಿಡಲಿಲ್ಲ, ಹೆದರಿದ್ದನ್ನೂ ಬಿಡಲಿಲ್ಲ. "ಅಲ್ಲಿ ಬೋಲ್ಟು ಬೇಡ ಅಂತ ತೀರ್ಮಾನಿಸಿದ್ದು ನಾನಲ್ಲ. ಉಳಿ" ಎಂದರು.

ಆಮೇಲೆ ನಿಮ್ಮಪ್ಪ, "ಈಗ ಆ ಅರ್ಧ ತೂತು ಎಣಿಸಬೇಕೋ ಬ್ಯಾಡೋ?" ಎಂದು ಎರಡೂ ಭಾಷೆಯಲ್ಲಿ ಕೇಳಿದ. ಬಡಗಿಯವರು ಮರಕ್ಕೆ ಒರಗಿ ನಕ್ಕರು. ನಿಮ್ಮಮ್ಮ ನಗಲಿಲ್ಲ.

"ಬೇಸಿಗೆಯಿಂದ ನಿಮ್ಮ ಪರವಾಗಿ ಇವನ ಹತ್ತಿರ ಜಗಳ ಆಡಿದೆ" ಎಂದು ಅವರಿಗೆ ಹೇಳಿ, ನನ್ನ ಕಡೆ ತಿರುಗಿದಳು. "ನಿನಗೆ ಯಾವಾಗ ಗೊತ್ತಾಯ್ತು?"

"ನಿನ್ನೆ."

"ಮೂರು ಗಂಟೆ ಕಾರಲ್ಲಿ ಸುಮ್ಮನೆ ಕೂತಿದ್ದೆಯಾ?"

"ನೀವಿಬ್ಬರೂ ಬಿಟ್ಟರೆ ತಾನೇ ಮಾತಾಡೋದು" ಎಂದೆ. ಆದರೆ ಅದು ನಿಜವಾದ ಕಾರಣವಲ್ಲ ಎಂದು ಅವಳಿಗೂ ಗೊತ್ತಿತ್ತು. ಅವಳು ಹೊಳೆಯ ಕಡೆ ಹೋಗಿ ಒಂದು ಕಲ್ಲಿನ ಮೇಲೆ ಬೆನ್ನು ತಿರುಗಿಸಿ ಕೂತಳು. ನಾನು ಪಕ್ಕದಲ್ಲಿ ಹೋಗಿ ಕೂತೆ. ಆಮೇಲೆ ಅವಳೇ ಎದ್ದು ಬಡಗಿಯವರ ಹತ್ತಿರ ಹೋಗಿ, "ಬಂಡೆ ನಿಮ್ಮದು. ನೀವೇ ಹೇಳಿ" ಎಂದಳು.

ಅವರು ನಿಮ್ಮಪ್ಪನ ಕಡೆ ನೋಡಿ, ಡ್ರಿಲ್ ತಂದಿದ್ದೀಯಾ ಎಂದು ಕೇಳಿದರು. ಇಲ್ಲ ಎನ್ನುವ ಮುಖ ಮಾಡಿದ ಅವನು, ಕಾರಿನ ಡಿಕ್ಕಿಯಿಂದ ಟವೆಲಿನಲ್ಲಿ ಸುತ್ತಿದ್ದ ಬ್ಯಾಟರಿ ಡ್ರಿಲ್ ತಂದ. "ಕಳ್ಳ" ಎಂದಳು ನಿಮ್ಮಮ್ಮ.

ಬಡಗಿಯವರು ಹಿಂದಿನ ಕಾಲುದಾರಿಯಿಂದ ಬಂಡೆಯ ತಲೆಗೆ ಹೋಗಿ, ಮರಕ್ಕೆ ಹಗ್ಗ ಕಟ್ಟಿ ಇಳಿದರು. ಹಳೆಯ ತೂತಿನಲ್ಲಿ ಕಣಜದ ಹುಳ ಮಣ್ಣು ಮೆತ್ತಿ ಗೂಡು ಮಾಡಿತ್ತಂತೆ. ಅಲ್ಲಿ ಕಲ್ಲು ಸಡಿಲವಾಗಿದೆ ಎಂದು ಅದರ ಪಕ್ಕಕ್ಕೆ ಒಂದು ಗೇಣು ಬಿಟ್ಟು, ಸುತ್ತಿಗೆಯಿಂದ ತಟ್ಟಿ ತಟ್ಟಿ ಕೇಳಿ, ಗಟ್ಟಿ ಜಾಗ ಹುಡುಕಿ ಕೊರೆದರು. ಬಿಳಿ ಪುಡಿ ಗಾಳಿಯಲ್ಲಿ ತೇಲಿ ನಮ್ಮ ಮೇಲೆಲ್ಲ ಬಿತ್ತು. ಬೋಲ್ಟು ಕೂರಿಸಿದ ಮೇಲೆ ತಮ್ಮ ಪೂರ್ತಿ ಭಾರ ಅದಕ್ಕೆ ಹಾಕಿ ಜೋತಾಡಿ ನೋಡಿದರು. ಕೆಳಗೆ ಬಂದಾಗ ಗಡ್ಡ ಇನ್ನಷ್ಟು ಬೆಳ್ಳಗಾಗಿತ್ತು. ನನ್ನ ಹತ್ತಿರ ಬಂದು, "ಥ್ಯಾಂಕ್ ಯೂ, ಮ್ಯಾಮ್" ಎಂದರು. ಅದಕ್ಕೆ ಏನು ಹೇಳಬೇಕೆಂದು ತಿಳಿಯದೆ ಪುಳಿಯೋಗರೆ ಡಬ್ಬಿ ಚಾಚಿದೆ.

ಬಡಗಿಯವರು ಮತ್ತೆ ಹಗ್ಗ ಹಿಡಿದರು, ನಿಮ್ಮಮ್ಮ ಹತ್ತಿದಳು. ನಾಲ್ಕೂ ಬೋಲ್ಟು ದಾಟಿದಳು. ಐದನೆಯದರ ಹತ್ತಿರ ಒಂದು ಕ್ಷಣ ನಿಂತಾಗ, ಇವಳು ಹಟಕ್ಕೆ ಹಗ್ಗ ಸಿಕ್ಕಿಸದೆ ಹೋಗಿಬಿಡುತ್ತಾಳೇನೋ ಎಂದು ನಿಮ್ಮಪ್ಪ ಉಸಿರು ಹಿಡಿದುಕೊಂಡ. ಸಿಕ್ಕಿಸಿದಳು. ಅದನ್ನೂ ದಾಟಿ ಮೇಲೆ ಹೋದಳು, ತುದಿಗೆ ಇನ್ನು ಎರಡು ಹಿಡಿತ ಬಾಕಿ ಇತ್ತು. ಕಾಲು ಜಾರಿತು.

ಬಿದ್ದಳು. ಹಗ್ಗ ಜಗ್ಗಿದ ರಭಸಕ್ಕೆ ಬಡಗಿಯವರು ನೆಲದಿಂದ ಒಂದು ಮೊಳ ಮೇಲಕ್ಕೆದ್ದರು. ನಿಮ್ಮಮ್ಮ ಆ ಕಲ್ಲಿನ ಜಗಲಿಗಿಂತ ಒಂದು ಮಾರು ಮೇಲೆ ನಿಂತು, ಅತ್ತಿತ್ತ ತೂಗಿದಳು. ಮೊದಲು ಮಾತಾಡಿದವಳು ಅವಳೇ.

"ಅಮ್ಮ, ಕಣ್ಣು ಮುಚ್ಕೊಂಡ್ಯಾ?"

"ಇಲ್ಲ ಕಣೆ, ನೋಡ್ತಾನೇ ಇದೀನಿ" ಎಂದೆ. ಅಷ್ಟು ಜೋರಾಗಿ ನಾನು ಯಾವತ್ತೂ ಮಾತಾಡಿದ್ದಿಲ್ಲ. "ಬಲಗಾಲು ಊರದೇ ಕೈ ಹಾಕಿಬಿಟ್ಟೆ ನೀನು. ಸ್ವಲ್ಪ ಸುಧಾರಿಸಿಕೊಂಡು ಇನ್ನೊಂದು ಸಲ ಹತ್ತು."