ಚುಕ್ಕಿಗೆ ಹೇಳಿದ ಮಾತು

ಗುಬ್ಬಿಯಿಂದ ಒಂಬತ್ತು ಕಿಲೋಮೀಟರ್ ದೂರದ ನಮ್ಮೂರಿನ ಹಾಲಿನ ಡೈರಿಗೆ ನಾನು ಸೆಕ್ರೆಟರಿ. ಬೆಳಗ್ಗೆ ಐದೂಮುಕ್ಕಾಲಿಗೆ ಬಾಗಿಲು ತೆಗೆದರೆ ಹೊರಗೆ ಎಲ್ಲರಿಗಿಂತ ಮುಂದೆ ಕ್ಯಾನು ಹಿಡಿದು ನಿಂತಿರುವವಳು ಸಿದ್ದಲಕ್ಷ್ಮಕ್ಕ. ಹತ್ತೊಂಬತ್ತು ವರ್ಷದಿಂದ ಹೀಗೇ. ಮಗಳ ಮದುವೆಯ ದಿನವೂ ಹಾಲು ಹಾಕಿಯೇ ಛತ್ರಕ್ಕೆ ಹೋದವಳು. ಜನ ಇದನ್ನು ಹೊಗಳುತ್ತಾರೆ. ನನಗಂತೂ ಹೊಗಳುವಂಥದ್ದೇನೂ ಕಾಣುವುದಿಲ್ಲ. ಹಸು ಕಟ್ಟಿದವರಿಗೆ ಬೇರೆ ದಾರಿ ಇಲ್ಲ, ಅಷ್ಟೆ.

ಆಕೆಗೆ ಎರಡು ಸೀಮೆಹಸು. ಒಂದು ಬತ್ತುವ ಹೊತ್ತಿಗೆ ಇನ್ನೊಂದು ಕರು ಹಾಕುತ್ತದೆ, ಹಾಗಾಗಿ ಬಿಡುವು ಎಂಬುದೇ ಇಲ್ಲ. ಗಂಡ ಬೀರಯ್ಯ ನಮ್ಮೂರ ನೀರಗಂಟಿ. ದಪ್ಪ ಮೀಸೆ, ಗಡುಸು ದನಿ. ನಲ್ಲಿ ಮುಂದೆ ಹೆಂಗಸರು ಜಗಳಕ್ಕೆ ಇಳಿದರೆ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿ ಹೊರಟೇಬಿಡುವ ಆಸಾಮಿ. ಮಾತೆಲ್ಲ ಬೀದಿಯಲ್ಲೇ ಖರ್ಚಾಗಿ ಮನೆಗೆ ಬರುವಾಗ ಬಾಯಿ ಮುಚ್ಚಿರುತ್ತದೆ. ಅವರ ಕೊಟ್ಟಿಗೆಯ ಗೋಡೆ ನಮ್ಮ ಡೈರಿಯ ಗೋಡೆಗೆ ಅಂಟಿಕೊಂಡಿದೆ. ಆದ್ದರಿಂದ ಇಲ್ಲಿ ಹೇಳುವುದರಲ್ಲಿ ಅರ್ಧ ನಾನೇ ಕಿವಿಯಾರೆ ಕೇಳಿದ್ದು, ಉಳಿದರ್ಧ ಆಕೆ ಆಮೇಲೆ ಹೇಳಿದ್ದು.

ಹೋದ ದಸರಾ ರಜೆಗೆ ಮುಂಚೆ ಮಗಳು ಯಶಸ್ವಿನಿ ತುಮಕೂರಿನಿಂದ ಬಂದಳು. ಅಲ್ಲೊಂದು ಸ್ಕೂಲಿನಲ್ಲಿ ಟೀಚರ್. ಅಳಿಯ ಕಾಂತೇಶ್‌ಗೆ ವಸಂತನರಸಾಪುರದಲ್ಲಿ ಕೆಲಸ. ಕುಣಿಗಲ್ ಕಡೆ ಹೊಸದಾಗಿ ಒಂದು ರೆಸಾರ್ಟ್ ಆಗಿದೆ, ಎರಡು ರಾತ್ರಿ ಎಲ್ಲರೂ ಹೋಗಿದ್ದು ಬರೋಣ ಎಂದು ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಈಜುಕೊಳ ಇತ್ತು, ಉಯ್ಯಾಲೆ ಇತ್ತು, ಮಕ್ಕಳಿಗೆ ಕೃತಕ ಮಳೆ ಇತ್ತು. ತಾಯಿ ಯಾವುದಕ್ಕೂ ಹೂಂ ಅನ್ನಲಿಲ್ಲ.

"ಅಲ್ಲಿ ಬೆಳಗ್ಗೆ ಎಷ್ಟೊತ್ಗೆ ಎಬ್ಬಿಸ್ತಾರೆ?" ಎಂದು ಕೇಳಿದಳು.

"ಯಾರೂ ಎಬ್ಬಿಸಲ್ಲಮ್ಮ. ಹತ್ತು ಗಂಟೆವರೆಗೂ ತಿಂಡಿ ಇರುತ್ತೆ. ಎದ್ದಾಗ ಹೋಗಿ ತಿನ್ನೋದು."

ಸಿದ್ದಲಕ್ಷ್ಮಕ್ಕ ಮರುಳಾದದ್ದು ಈ ಮಾತಿಗೇ. ಮರುದಿನ ಡೈರಿಯಲ್ಲಿ ಹಾಲು ಸುರಿಯುತ್ತಾ ನನಗೂ ಹೇಳಿದಳು: "ಹತ್ತು ಗಂಟೆಗಂಟ ತಿಂಡಿ ಇರ್ತದಂತೆ ಕಣಪ್ಪ ಮೋಹನ. ಎಬ್ಬಿಸೋದೇ ಇಲ್ವಂತೆ." ಸಾಯಂಕಾಲ ಬಂದಾಗ ಮತ್ತೆ ಅದನ್ನೇ ಹೇಳಿದಳು. ನಾಲ್ಕೂವರೆಗೆ ಎದ್ದು ಎದ್ದು ಸವೆದ ಹೆಂಗಸಿಗೆ ಕೃತಕ ಮಳೆ ಕಟ್ಟಿಕೊಂಡು ಏನಾಗಬೇಕು? ಒಂದು ದಿನ ಬಿಸಿಲು ಬರುವ ತನಕ ಮಲಗಬೇಕು, ಅದೊಂದೇ ಆಕೆಯ ಆಸೆ. ಮಗಳ ಮುಂದೆ ಬಾಯಿಬಿಟ್ಟು ಹೇಳಲಿಲ್ಲ. ಇಷ್ಟು ಸಣ್ಣದನ್ನು ಕೇಳುವುದಕ್ಕೇ ನಾಚಿಕೆ.

ಅಡ್ಡಿ ಇದ್ದದ್ದು ಚುಕ್ಕಿಯದು. ಹಾಲು ಕೊಡುತ್ತಿದ್ದ ಹಸು ಅದೇ, ಇನ್ನೊಂದು ಗಬ್ಬವಾಗಿತ್ತು. ಚುಕ್ಕಿ ಸಿದ್ದಲಕ್ಷ್ಮಕ್ಕನ ಕೈಗೆ ಬಿಟ್ಟು ಇನ್ನೊಬ್ಬರಿಗೆ ಹಾಲು ಬಿಡುತ್ತಿರಲಿಲ್ಲ. ನಾಲ್ಕು ಮನೆಯ ಹಸು ಕರೆಯುವ ತಿಪ್ಪಯ್ಯನನ್ನು ಕರೆಸಿದರು. ಚುಕ್ಕಿ ಒಂದೇ ಒದೆತಕ್ಕೆ ಬಕೆಟ್ಟನ್ನು ಗೋಡೆಗೆ ಹಾರಿಸಿತು. ಪಕ್ಕದೂರಿನಿಂದ ಹಾಲು ಕರೆಯುವ ಮಿಷನ್ ತಂದರು. ಅದರ ಸದ್ದಿಗೆ ಕೆಚ್ಚಲು ಬಿಗಿ ಹಿಡಿದು ನಿಂತುಬಿಟ್ಟಿತು. ಎರಡು ದಿನ ಕರೆಯದೆ ಬಿಟ್ಟರೆ ಕೆಚ್ಚಲು ಬಾತು ಹಸುವೇ ಕೆಡುತ್ತದೆ. ಯಶಸ್ವಿನಿ ರೂಮು ಬುಕ್ ಮಾಡಿ ಆಗಿತ್ತು.

ದಾರಿ ತೋರಿಸಿದವಳು ಡೈರಿ ಸಾಲಿನಲ್ಲಿ ನಿಂತಿದ್ದ ಮುದುಕಿ ಕದರಮ್ಮ. "ಲಕ್ಷ್ಮಿ ಉಟ್ಟು ಬಿಟ್ಟಿರೋ ಸೀರೆ, ಒಗೀಬ್ಯಾಡಿ, ಅಂಗೇ ಉಟ್ಕಂಡು ಕೂತ್ರೆ ಆಯ್ತು. ನಮ್ ವಾರಗಿತ್ತಿ ಬಾಣಂತನಕ್ಕೆ ಹೋದಾಗ ನಾನು ಅವಳ ಸೀರೆ ಉಟ್ಕಂಡು ಮೂರ್ ತಿಂಗ್ಳು ಕರ್ದಿವ್ನಿ. ವಾಸ್ನೆಗೆ ನಿಲ್ತವೆ ಕಣ್ರವ್ವ."

ಉಡುವವರು ಯಾರು? ಸಾಲಿನಲ್ಲಿದ್ದ ಹೆಂಗಸರಿಗೆಲ್ಲ ಅದೇ ಹೊತ್ತಿಗೆ ಅವರವರ ಹಸು ಕಾದಿರುತ್ತವೆ. ಯಶಸ್ವಿನಿಗೆ ಕರೆಯಲು ಬಾರದು, ಮೇಲಾಗಿ ರೆಸಾರ್ಟಿಗೆ ಹೊರಟವಳೇ ಅವಳು. ಉಳಿದದ್ದು ಬೀರಯ್ಯ.

"ನನ್ ಮರ್ವಾದೆ ಏನಾಗ್ಬೇಕು?" ಎಂದು ಎಗರಾಡಿದ. ಎರಡು ದಿನ ಮನೆಯಲ್ಲಿ ಮುಖ ಊದಿಸಿಕೊಂಡಿದ್ದ. ಹೆಂಡತಿ ಒತ್ತಾಯ ಮಾಡಲಿಲ್ಲ. "ಬುಡಿ, ನಾನೇ ಹೋಗಲ್ಲ," ಎಂದಳು. ಈ ಮಾತಿಗೆ ಮೂರನೆಯ ದಿನ ಸೋತ. ಲುಂಗಿಯ ಮೇಲೆ ಹಸಿರು ನೈಲಾನ್ ಸೀರೆ ಸುತ್ತಿ, ಮೀಸೆ ಕಾಣದಂತೆ ಸೆರಗು ಹೊದ್ದು ಕುಕ್ಕರಗಾಲಲ್ಲಿ ಕೂತ. ಚುಕ್ಕಿ ಹಿಂದೆ ತಿರುಗಿ ಮೂಸಿತು. ಒದೆಯಲಿಲ್ಲ. ಹಾಲನ್ನೂ ಬಿಡಲಿಲ್ಲ.

ಕದರಮ್ಮ ಮತ್ತೆ ಪಂಚಾಯ್ತಿಗೆ ಬಂದಳು. "ಅವಳು ಕರೆಯುವಾಗ ಬಾಯಿ ಮುಚ್ಚಲ್ವಲ್ಲ. ಇವನೋ ಕಂಬ. ಹಸೀಗೆ ಮಾತು ಬ್ಯಾಡ್ವಾ?"

ನಿಜವೇ. ಸಿದ್ದಲಕ್ಷ್ಮಕ್ಕ ಕೂತಾಗಿನಿಂದ ಏಳುವವರೆಗೂ ಹಸುವಿನ ಜೊತೆ ಗುಣುಗುಣು ಮಾತಾಡುತ್ತಲೇ ಇರುತ್ತಾಳೆ. ಆ ಶನಿವಾರ ಬಂದಿದ್ದ ಯಶಸ್ವಿನಿ ಸಾಯಂಕಾಲ ಗೋದಲಿ ಮೇಲೆ ಮೊಬೈಲ್ ಇಟ್ಟು ತಾಯಿಯ ಮಾತು ರೆಕಾರ್ಡ್ ಮಾಡಿಕೊಂಡಳು. ಒಂದು ನಿಮಿಷ ಆದಮೇಲೆ ಸಿದ್ದಲಕ್ಷ್ಮಕ್ಕನಿಗೆ ಮೊಬೈಲ್ ಇರುವುದೇ ಮರೆತುಹೋಯಿತು. ಹನ್ನೆರಡು ನಿಮಿಷದ ರೆಕಾರ್ಡು. ಅದನ್ನು ಅಪ್ಪನ ಮೊಬೈಲಿಗೆ ಹಾಕಿಕೊಟ್ಟು ಯಶಸ್ವಿನಿ ತುಮಕೂರಿಗೆ ಹೋದಳು.

ಮರುದಿನ ಬೆಳಗ್ಗೆ ಬೀರಯ್ಯ ತಡವಾಗಿ, ಡೈರಿ ತೆರೆದ ಮೇಲೆ, ಸೀರೆ ಸುತ್ತಿ ಕೂತು ಅದನ್ನು ಹಾಕಿದ. ಗೋಡೆಯ ಈಚೆ ಡೈರಿ ಸಾಲಿಗೆಲ್ಲ ಕೇಳಿಸಿತು.

"ನಿಲ್ಲವ್ವ, ನಿಲ್ಲು ನನ್ ಚುಕ್ಕವ್ವ. ಕಾಲ್ ಎತ್ಬ್ಯಾಡ. ನಿಮ್ಮಪ್ಪನ್ನ ನೋಡ್ದಾ? ಊರಿಗೆಲ್ಲಾ ನೀರು ಬುಡ್ತಾನೆ, ನಿನ್ ತೊಟ್ಟಿಗೆ ಒಂದ್ ಬಿಂದ್ಗೆ ಉಯ್ಯಾಕೆ ಅವ್ನಿಗೆ ಕೈ ಬರಲ್ಲ. ಊಟ ಚೆನ್ನಾಗದೆ ಅಂತ ಒಂದ್ ಮಾತು ಅಂದವ್ನಾ ಯಾವತ್ತಾದ್ರೂ? ಸೊಂಟ ಹಿಡ್ಕಂಡದೆ ಅಂದ್ರೆ ಹೂಂ ಅಂತಾನೆ, ಅಷ್ಟೇಯ. ನಿನಗಾದ್ರೂ ಗೊತ್ತಾಯ್ತದೆ. ಒಂದೇ ಒಂದಿನ, ಬಿಸ್ಲು ಮಕದ್ ಮ್ಯಾಲೆ ಬೀಳಗಂಟ ಮಲ್ಕಬೇಕು ಕಣವ್ವ. ರೆಸಾರ್ಟು ಯಾರಿಗ್ ಬೇಕಾಗಿತ್ತು..."

ಎದುರಿಗೆ 'ನೀವು' ಅನ್ನುವ ಗಂಡನಿಗೆ ಹಸುವಿನ ಹತ್ತಿರ 'ಅವನು'. ಸಾಲಿನಲ್ಲಿದ್ದ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ಚುಕ್ಕಿ ಮಾತ್ರ ಮೆಲುಕು ಹಾಕುತ್ತಾ ಸಲೀಸಾಗಿ ಹಾಲು ಬಿಟ್ಟಿತು. ಹುಲ್ಲಿನ ಬಣವೆಯ ಹಿಂದೆ ನಿಂತು ನೋಡುತ್ತಿದ್ದ ಸಿದ್ದಲಕ್ಷ್ಮಕ್ಕನಿಗೆ ಖುಷಿಯಾಗಬೇಕಿತ್ತು. ಆಗಿದ್ದು ಹೊಟ್ಟೆಕಿಚ್ಚು. ಸೀರೆ, ದನಿ ಇದ್ದರೆ ಸಾಕು, ತಾನು ಬೇಡ ಅನ್ನಿಸಿ ಕಣ್ಣಲ್ಲಿ ನೀರು ಬಂತಂತೆ.

ಬೀರಯ್ಯ ಕ್ಯಾನು ಕೆಳಗಿಟ್ಟು ರೇಗಿದ. "ಮನೆ ಮಾತ್ನೆಲ್ಲಾ ಹಸೀಗೆ ಹೇಳ್ತೀಯಾ?"

"ಇನ್ಯಾರಿಗೆ ಹೇಳ್ಲಿ? ನೀವು ಕೇಳ್ತೀರಾ?"

ಬೀರಯ್ಯ ಮೊಬೈಲನ್ನು ಅವಳ ಮುಂದೆ ಹಿಡಿದ. ಬೇರೆ ರೆಕಾರ್ಡ್ ಮಾಡಿಕೊಡು ಎಂದು ಹಟ ಹಿಡಿದ. ಅವಳು ಮೊಬೈಲಿನ ಮುಂದೆ ಕೈಕಟ್ಟಿ ನಿಂತು, ಆಗಸ್ಟ್ ಹದಿನೈದಕ್ಕೆ ಭಾಷಣ ಮಾಡುವ ಮಕ್ಕಳ ಥರ, "ಚುಕ್ಕಿ, ನಿಲ್ಲು. ಹಾಲು ಕೊಡು. ನಮ್ಮ ಯಜಮಾನರು ಒಳ್ಳೆಯವರು," ಎಂದಳು. ಅಂದು ಚುಕ್ಕಿ ಬಕೆಟ್ಟಿನ ಪಕ್ಕಕ್ಕೆ ಸಗಣಿ ಹಾಕಿತೇ ಹೊರತು ಹಾಲು ಕೊಡಲಿಲ್ಲ. ಹಳೆಯ ರೆಕಾರ್ಡೇ ಗತಿಯಾಯಿತು. ಹತ್ತು ದಿನ ಎರಡು ಹೊತ್ತೂ ಬೀರಯ್ಯ ತನ್ನ ಮೇಲಿನ ದೂರನ್ನು ತಾನೇ ಕೇಳಿಸಿಕೊಂಡು ಹಾಲು ಕರೆದ. ಮೊದಮೊದಲು ಸೌಂಡ್ ಕಮ್ಮಿ ಮಾಡಿ ನೋಡಿದ. ಕಮ್ಮಿಯಾದರೆ ಹಸು ಕೊಸರಾಡುತ್ತಿತ್ತು. ನಲ್ಲಿಯ ಹತ್ತಿರ ಹೆಂಗಸರು "ತೊಟ್ಟಿಗೆ ನೀರ್ ಉಯ್ದ್ರಾ ಬೀರಣ್ಣ?" ಎಂದು ಕೀಟಲೆ ಮಾಡಿದರೂ ವಾಲ್ವ್ ಮುಚ್ಚಲಿಲ್ಲ. ಇದು ನನಗೆ ಸ್ವಲ್ಪ ಆಶ್ಚರ್ಯದ ಸಂಗತಿ.

ಆಯುಧಪೂಜೆ ಕಳೆದು ಕಾಂತೇಶನ ಕಾರು ಬಂತು. ಸಿದ್ದಲಕ್ಷ್ಮಕ್ಕ ಹಸುವಿನ ಬೆನ್ನು ಸವರಿ, ಗಂಡನ ಕಡೆ ನೋಡದೆ ಹತ್ತಿದಳು.

ರೆಸಾರ್ಟಿನ ಹಾಸಿಗೆ ಚೆನ್ನಾಗಿತ್ತು, ಹೊದಿಕೆ ಬೆಚ್ಚಗಿತ್ತು, ಎಬ್ಬಿಸುವವರು ಯಾರೂ ಇರಲಿಲ್ಲ. ನಾಲ್ಕೂವರೆಗೆ ಕಣ್ಣು ತಾನೇ ಬಿಟ್ಟುಕೊಂಡಿತು. ಮುಚ್ಚಿದರೆ ಮುಚ್ಚದು. ಬೆರಳುಗಳು ಹೊದಿಕೆಯೊಳಗೆ ಹಾಲು ಕರೆಯುವ ಹಾಗೆ ಆಡುತ್ತಿದ್ದವು. ಎದ್ದು ಹೊರಗೆ ಕೂತು, ಐದೂವರೆ ಆಗುವುದನ್ನೇ ಕಾದು ಮನೆಗೆ ಫೋನ್ ಮಾಡಿದಳು.

"ಬಿಡ್ತಾ?"

"ಬಿಡ್ತು. ನೀನ್ಯಾಕೆ ಎದ್ದಿದ್ದೀಯಾ?"

"ಸುಮ್ನೆ."

ಎರಡನೆಯ ಬೆಳಗ್ಗೆಯೂ ಅದೇ ಕತೆ. ಏಳೂವರೆಗೆ ತಿಂಡಿಯ ಹಾಲ್ ಬಾಗಿಲು ತೆಗೆದಾಗ ಹೊರಗೆ ಮೊದಲು ನಿಂತಿದ್ದವಳು ಅವಳೇ. "ಮಲಗಮ್ಮ, ಅದಕ್ಕೇ ತಾನೇ ಬಂದಿರೋದು," ಎಂದು ಯಶಸ್ವಿನಿ ಗದರಿಕೊಂಡಳು. "ಬರಲ್ಲ ಕಣೇ," ಎಂದಳು ತಾಯಿ. "ಒಬ್ಬ ಗಂಡಸ್ಗೆ ಸೀರೆ ಉಡ್ಸಿ ಬಂದು, ಬಂದದ್ದಕ್ಕೆ ನಿದ್ದೆನೂ ಇಲ್ಲವಲ್ಲ ಅಂತ ಅಳು ಬಂತು ಕಣಪ್ಪ," ಎಂದು ನನಗೆ ಆಮೇಲೆ ಹೇಳಿದಳು. ಯಶಸ್ವಿನಿಯ ಮಕ್ಕಳು ಕೃತಕ ಮಳೆಯಲ್ಲಿ ಕುಣಿದರು. ಇವಳು ಒಣ ಬಟ್ಟೆ ಹಿಡಿದು ನಿಂತಿದ್ದಳು. ಮೂರನೆಯ ದಿನ ಸಾಯಂಕಾಲ ಬೀರಯ್ಯ ಹಾಲು ಕರೆದು ಆದಮೇಲೆ ಊರಿಗೆ ಬಂದಿಳಿದಳು. ಕೊಟ್ಟಿಗೆಯ ತೊಟ್ಟಿ ತುಂಬಿತ್ತು.

ಮರುದಿನ ನಾಲ್ಕೂವರೆಗೆ ಯಥಾಪ್ರಕಾರ ಎದ್ದಳು. ಪಕ್ಕದಲ್ಲಿ ಗಂಡನಿಲ್ಲ, ಗೂಟದಲ್ಲಿ ಹಸಿರು ಸೀರೆಯೂ ಇಲ್ಲ. ಕೊಟ್ಟಿಗೆಯಿಂದ ತನ್ನದೇ ದನಿ ಬರುತ್ತಿತ್ತು: 'ಒಂದೇ ಒಂದಿನ, ಬಿಸ್ಲು ಮಕದ್ ಮ್ಯಾಲೆ ಬೀಳಗಂಟ...' ಬಾಗಿಲಿಗೆ ಹೋಗಿ, "ನಾನು ಬಂದೆನಲ್ಲ, ಏಳಿ," ಎಂದಳು. ಚುಕ್ಕಿ ಕಿವಿ ನಿಮಿರಿಸಿ ಮೊಬೈಲಿನ ಕಡೆ ಒಮ್ಮೆ, ಬಾಗಿಲ ಕಡೆ ಒಮ್ಮೆ ನೋಡಿತು.

ಬೀರಯ್ಯ ಸೆರಗಿನೊಳಗಿಂದಲೇ, ತಿರುಗದೆ ಹೇಳಿದ: "ಒಳಗೋಗಿ ಮಲ್ಕೋ. ಎರಡ್ ಕಡೆಯಿಂದ ನಿನ್ ದನಿ ಕೇಳಿದ್ರೆ ಹಸು ಗಾಬ್ರಿ ಬೀಳ್ತದೆ."

ಅವಳು ಒಳಗೆ ಹೋಗಿ ಹಾಸಿಗೆಯಲ್ಲಿ ಒರಗಿದಳಂತೆ. ಆಮೇಲಿನದು ಅವಳಿಗೆ ನೆನಪಿಲ್ಲ.

ನಾನು ಕಂಡದ್ದು ಇಷ್ಟು. ಐದೂಮುಕ್ಕಾಲಿಗೆ ಬಾಗಿಲು ತೆಗೆದಾಗ ಹೊರಗೆ ಮೊದಲು ನಿಂತಿದ್ದವನು ಬೀರಯ್ಯ. ಒಂದು ಕೈಯಲ್ಲಿ ಕ್ಯಾನು, ಹೆಗಲ ಮೇಲೆ ಟವೆಲಿನ ಹಾಗೆ ಹಸಿರು ಸೀರೆ. ಹಿಂದಿನಿಂದ ಕದರಮ್ಮ ಜೋರು ದನಿಯಲ್ಲಿ ಕೂಗಿದಳು: "ಏನ್ಲಾ ಬೀರ, ಲಕ್ಷ್ಮಿ ಬಂದಳಂತೆ, ಎಲ್ಲವಳೆ?"

ಬೀರಯ್ಯ ತಿರುಗಿ ನೋಡಿದ. ನಲ್ಲಿ ಮುಂದೆ ಗುಡುಗುವ ಆ ದನಿ ಅವತ್ತು ನನಗೇ ಕಿವಿಗೊಟ್ಟರಷ್ಟೇ ಕೇಳಿಸುವಂತಿತ್ತು.

"ಮಲಗವ್ಳೆ," ಎಂದ. "ಮೆಲ್ಲಗೆ ಮಾತಾಡಿ."